ಇಬ್ಬರು ಮಕ್ಕಳಿಗೆ ಮಾತ್ರ ರಿಯಾಯಿತಿ

ತೆರಿಗೆ ಕಟ್ಟುವುದು ದುಃಖದ ವಿಷಯವೆಂದು ಲೋಕವೆಲ್ಲ ಹೇಳುತ್ತದೆ. ಲೋಕಕ್ಕೆ ಎದುರಾಡುವ ಸ್ವಭಾವ ನನ್ನದಲ್ಲ. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇಕೆ, ನನ್ನ ಸಂಬಳಕ್ಕೂ ಇನ್‌ಕಮ್ ಟ್ಯಾಕ್ಸ್ ಬೀಳುತ್ತದೆ ಎಂದು ತಿಳಿದ ದಿನ ನಾನು ಅರ್ಧ ಸೇರು ಪೇಢೆ ಕಟ್ಟಿಸಿಕೊಂಡು ಮನೆಗೆ ಹೋದೆ. ನಮ್ಮ ವಂಶದಲ್ಲಿ ಅಂಥ ಗೌರವ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ. ಬಿಜಾಪುರ ಜಿಲ್ಲೆಯಲ್ಲಿ ನಮ್ಮಪ್ಪ ಹೊಲದ ಕಂದಾಯ ಕಟ್ಟುತ್ತಿದ್ದದ್ದು ನಿಜ. ಅದೂ ವಸೂಲಿಗೆಂದು ತಲಾಟಿ ಮೂರು ಸಲ ಮನೆಗೆ ಬಂದು ಮೂರು ಸಲ ಚಹಾ ಕುಡಿದು ಹೋದ ಮೇಲೆ. ಆದರೆ ಇನ್‌ಕಮ್ ಟ್ಯಾಕ್ಸ್ ಎಂದರೆ ಬೇರೆ ಅಂತಸ್ತಿನ ಮಾತು. ಅದು ಗಿರಣಿ ಮಾಲೀಕರಿಗೆ, ದೊಡ್ಡ ಡಾಕ್ಟರರಿಗೆ, ಅಂಧೇರಿಯ ಕಡೆ ಸಿನಿಮಾ ತೆಗೆಯುವವರಿಗೆ ಬರುವ ಕಾಯಿಲೆ ಎಂದು ನಾನು ತಿಳಿದಿದ್ದೆ. ಲೋಕಲ್ ಗಾಡಿಯ ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಒಬ್ಬ ದಪ್ಪನೆಯ ಮನುಷ್ಯ ಇನ್ನೊಬ್ಬ ದಪ್ಪನೆಯ ಮನುಷ್ಯನ ಹತ್ತಿರ ಟ್ಯಾಕ್ಸಿನ ವಿಷಯ ಹೇಳಿಕೊಂಡು ನರಳುವುದನ್ನು ಎಷ್ಟೋ ಸಲ ಕಿಟಕಿಯ ಹೊರಗಿನಿಂದ ಕೇಳಿದ್ದೇನೆ. ಆ ನರಳಾಟದಲ್ಲಿ ಒಂದು ಗತ್ತು ಇತ್ತು. ಥರ್ಡ್ ಕ್ಲಾಸಿನ ಬಾಗಿಲ ಕಂಬಕ್ಕೆ ಜೋತುಬಿದ್ದುಕೊಂಡು, ನಾನೂ ಒಂದಲ್ಲ ಒಂದು ದಿನ ಹಾಗೆ ನರಳಬೇಕು ಎಂದು ಆಸೆಪಟ್ಟಿದ್ದೆ.

ಆ ವರ್ಷದ ಬಜೆಟ್ಟಿನಲ್ಲಿ ಸರ್ಕಾರದವರು ತೆರಿಗೆಯ ಮಿತಿಯನ್ನು ಕೆಳಕ್ಕೆ ಇಳಿಸಿದರು. ಮುಂಬಯಿಯ ಕೋಟೆ ಭಾಗದ ಒಂದು ಹಡಗಿನ ಕಂಪನಿಯಲ್ಲಿ ಗುಮಾಸ್ತನಾಗಿದ್ದ ನಾನು ಏಳಲಿಲ್ಲ, ಬೀಳಲಿಲ್ಲ, ಕುರ್ಚಿಯಲ್ಲಿ ಕೂತಲ್ಲಿಯೇ ತೆರಿಗೆದಾರನಾಗಿಬಿಟ್ಟೆ. ಸಂಜೆ ಮುಲುಂಡ್ ಸ್ಟೇಷನ್ನಿನಲ್ಲಿ ಇಳಿದು, ಸಾಲು ಕೋಣೆಗಳ ನಮ್ಮ ಚಾಳಿಗೆ ನಡೆಯುವಾಗ ನನ್ನ ನಡಿಗೆಯೇ ಬದಲಾಗಿತ್ತೆಂದು ಕಾಣುತ್ತದೆ. ಹೆಂಡತಿ ಶಾಂತಾ ಬಾಗಿಲಲ್ಲೇ, "ಕಾಲಿಗೆ ಏನಾತ್ರಿ?" ಎಂದು ಕೇಳಿದಳು. ನಾನು ಪೇಢೆಯ ಪೊಟ್ಟಣ ಮುಂದೆ ಹಿಡಿದು ಸುದ್ದಿ ಹೇಳಿದೆ.

"ತೆರಿಗಿ ಅಂದ್ರ ನಾವು ರೊಕ್ಕ ಕೊಡೂದೋ, ತಗೊಳ್ಳೂದೋ?" ಎಂದು ಕೇಳಿದಳು.

"ಕೊಡೂದು."

"ಹಂಗಾರ ಪೇಢೆ ಯಾಕ ತಂದ್ರಿ?"

ಹೆಂಗಸರಿಗೆ ರಾಷ್ಟ್ರನಿರ್ಮಾಣದ ಕಲ್ಪನೆ ಕಡಿಮೆ ಎಂದು ಮನಸ್ಸಿನಲ್ಲಿ ಅಂದುಕೊಂಡು, ನಾಲ್ಕು ಪೇಢೆ ಒಂದು ಬಟ್ಟಲಲ್ಲಿಟ್ಟು ಪಕ್ಕದ ಖೋಲಿಯ ವಾಸು ಶೆಟ್ಟರ ಹತ್ತಿರ ಹೋದೆ. ಶೆಟ್ಟರು ಉಡುಪಿಯ ಕಡೆಯವರು. ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಇಡೀ ದಿನ ಗಿರಾಕಿಗಳು ಬಿಟ್ಟುಹೋದ ಪೇಪರು ಓದಿ ಓದಿ, ನಮ್ಮ ಚಾಳಿನಲ್ಲಿ ಸರ್ಕಾರದ ವಿಷಯ ಅವರಷ್ಟು ತಿಳಿದವರು ಬೇರೆ ಇರಲಿಲ್ಲ. ಪೇಢೆ ಬಾಯಿಗೆ ಹಾಕಿಕೊಂಡು, ಅದು ಕರಗುವ ತನಕ ಕಣ್ಣುಮುಚ್ಚಿ ಯೋಚಿಸಿ, "ನಿಮಗೆ ಮಕ್ಕಳ ರಿಯಾಯಿತಿ ಉಂಟಲ್ಲ ಮಾರಾಯ್ರೆ," ಎಂದರು. "ಪೇಪರಲ್ಲಿ ಬಂದಿದೆ. ಒಂದೊಂದು ಮಗುವಿಗೆ ಇಷ್ಟಿಷ್ಟು ಅಂತ ಸಂಬಳದಲ್ಲಿ ಬಿಡ್ತಾರೆ. ಅಷ್ಟಕ್ಕೆ ಟ್ಯಾಕ್ಸ್ ಇಲ್ಲ. ಆದರೆ ಎರಡೇ ಮಕ್ಕಳಿಗೆ. ನನಗೆ ನೋಡಿ, ಮದುವೆಯೂ ಇಲ್ಲ, ಮಕ್ಕಳೂ ಇಲ್ಲ, ಟ್ಯಾಕ್ಸ್ ಬೀಳುವಷ್ಟು ಸಂಬಳವೂ ಇಲ್ಲ. ಬಜೆಟ್ಟಲ್ಲಿ ನನ್ನ ಹೆಸರೇ ಇಲ್ಲ."

ಶೆಟ್ಟರು ಹೇಳಿದ್ದು ಇಷ್ಟೇ. ಆದರೆ ಚಾಳಿನ ಗೋಡೆಗಳ ವಿಷಯ ನಿಮಗೆ ಗೊತ್ತಲ್ಲ. ಒಂದು ಖೋಲಿಯಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಖೋಲಿಯಲ್ಲಿ ಸೀನುತ್ತಾರೆ. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಸುದ್ದಿ ಪೂರ್ತಿ ಬೆಳೆದು ನಿಂತಿತ್ತು: ಸರ್ಕಾರದವರು ಪಾಟೀಲರ, ಅಂದರೆ ನಮ್ಮ, ಮನೆಯ ಮಕ್ಕಳಿಗೆ ತಿಂಗಳು ತಿಂಗಳು ಹಣ ಕಳಿಸುತ್ತಾರಂತೆ. ಕೆಳಗಿನ ಮಾಳಿಗೆಯ ಸಾವಂತ್ ಬಾಯಿ ಎಂಬಾಕೆಗೆ ಆರು ಮಕ್ಕಳು. ಆಕೆ ಕೊಡ ಕೆಳಗಿಟ್ಟು, ಇಬ್ಬರಿಗೆ ಮಾತ್ರ ಎಂಬ ಮಾತು ನಿಜವೇ ಎಂದು ನನ್ನನ್ನು ಮರಾಠಿಯಲ್ಲಿ ವಿಚಾರಿಸಿಕೊಂಡಳು. ನಿಜ ಎಂದೆ. "ಮಾಝೀ ಚಾರ್ ವಾಯಾ ಗೇಲೀ," ನನ್ನ ನಾಲ್ಕು ದಂಡವಾದವು, ಎಂದು ನಿಟ್ಟುಸಿರು ಬಿಟ್ಟು ಕೊಡ ಎತ್ತಿಕೊಂಡು ಹೋದಳು. ಆ ನಾಲ್ಕು ಯಾವುವು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಬೇಕಾಗಿತ್ತು. ಕೇಳಿದ್ದರೆ ಮುಂದೆ ನನ್ನ ಮನೆಯಲ್ಲಿ ಬರಲಿದ್ದ ಗಂಡಾಂತರದ ಅಂದಾಜು ಅಲ್ಲಿಯೇ ಸಿಗುತ್ತಿತ್ತು. ಯಾಕೆಂದರೆ ನನಗೆ ಮಕ್ಕಳು ಮೂವರು.

ದೊಡ್ಡವನು ಶಂಕರ, ಹನ್ನೊಂದು ವರ್ಷದವನು. ನಡುವಿನವಳು ಗಂಗಾ, ಎಂಟು. ಕೊನೆಯವನು ಬಸು, ನಾಲ್ಕು. ಈ ವಯಸ್ಸುಗಳನ್ನು ನಾನು ಈಗ ಸರಾಗವಾಗಿ ಹೇಳುತ್ತಿದ್ದೇನೆ. ಆಗ ಇಷ್ಟು ಸರಾಗವಿರಲಿಲ್ಲ. ಕಂಪನಿಯ ಲೆಕ್ಕಪತ್ರ ವಿಭಾಗದಿಂದ ಫಾರ್ಮು ಬಂದಾಗ ಅದರಲ್ಲಿ ಮಕ್ಕಳ ಹೆಸರು, ಹುಟ್ಟಿದ ತಾರೀಖು, ಅದಕ್ಕೆ ಆಧಾರ ಎಂದು ಮೂರು ಕಾಲಂ ಇದ್ದವು. ಗಂಡಸರು ಹೆಸರಿನ ಕಾಲಂ ದಾಟುವುದೇ ಕಷ್ಟ. ನಮ್ಮ ಅಜ್ಜನಿಗೆ ಒಂಬತ್ತು ಮಕ್ಕಳು. ಅವರಲ್ಲಿ ಒಬ್ಬರನ್ನು ಕರೆಯಬೇಕಾದರೆ ಮೊದಲನೆಯ ಹೆಸರಿನಿಂದ ಶುರುಮಾಡಿ ಒಂದೊಂದಾಗಿ ಹೇಳುತ್ತ ಬರುತ್ತಿದ್ದನಂತೆ. ಬೇಕಾದ ಹೆಸರು ಬರುವ ಹೊತ್ತಿಗೆ ಏಕೆ ಕರೆದೆನೆಂಬುದು ಮರೆತುಹೋಗಿರುತ್ತಿತ್ತಂತೆ. ಆ ರಕ್ತವೇ ನನ್ನಲ್ಲೂ ಹರಿಯುತ್ತಿದೆ. ಅದೃಷ್ಟಕ್ಕೆ ಶಂಕರ ಮತ್ತು ಬಸು ಮುಂಬಯಿಯ ಆಸ್ಪತ್ರೆಯಲ್ಲಿ ಹುಟ್ಟಿದವರು. ಅವರ ಮುನಿಸಿಪಾಲಿಟಿಯ ಚೀಟಿಗಳು ಟ್ರಂಕಿನ ತಳದಲ್ಲಿ ಸಿಕ್ಕವು. ಗಂಗಾ ಮಾತ್ರ ತಾಯಿಯ ತವರಿನಲ್ಲಿ, ಗುಳೇದಗುಡ್ಡದಲ್ಲಿ ಹುಟ್ಟಿದವಳು.

"ಗಂಗಾ ಹುಟ್ಟಿದ್ದು ಯಾವಾಗ?" ಎಂದು ಹೆಂಡತಿಯನ್ನು ಕೇಳಿದೆ.

"ನಾಗರ ಪಂಚಮಿ ಆಗಿ ಮೂರನೇ ದಿನ. ನಮ್ಮ ಕೆಂದಾಕಳು ಈದಿತ್ತಲ್ಲ, ಅವತ್ತ."

ಆಕಳನ್ನಾಗಲಿ ಕರುವನ್ನಾಗಲಿ ಆಧಾರವೆಂದು ಕೊಡುವ ವ್ಯವಸ್ಥೆ ಫಾರ್ಮಿನಲ್ಲಿ ಇರಲಿಲ್ಲ. ಹೇಗೂ ಎರಡೇ ಮಕ್ಕಳು ತಾನೆ, ಚೀಟಿ ಇದ್ದವರ ಹೆಸರು ಬರೆದರಾಯಿತು ಎಂದು ಶಂಕರ, ಬಸವರಾಜ ಎಂದು ದುಂಡಗೆ ಬರೆದೆ. ಗುಮಾಸ್ತನ ಬುದ್ಧಿ ಎಂದರೆ ಅದು. ಮುಂದೆ ಕಾಗದ ಇದ್ದರೆ ಮಗು ಇದೆ, ಕಾಗದ ಇಲ್ಲದಿದ್ದರೆ ಇಲ್ಲ. ಬರೆದು ಮುಗಿಸುವಷ್ಟರಲ್ಲಿ ಗಂಗಾ ನನ್ನ ಹೆಗಲ ಮೇಲೆ ಗದ್ದ ಊರಿ ನಿಂತಿದ್ದಳು. ಇಂಗ್ಲಿಷ್ ಅಕ್ಷರ ಆಗಷ್ಟೇ ಅಣ್ಣನ ಹತ್ತಿರ ಕಲಿತಿದ್ದಳು.

"ಅಪ್ಪಾ, ನನ್ನ ಹೆಸರು ಎಲ್ಲೈತಿ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಅವತ್ತು ನಾನು ಹೊಸ ತೆರಿಗೆದಾರನ ಉಮೇದಿನಲ್ಲಿದ್ದೆ. "ನೀ ಆಟಕ್ಕುಂಟು, ಲೆಕ್ಕಕ್ಕಿಲ್ಲವ್ವಾ," ಎಂದು ನಕ್ಕೆ. ನನ್ನ ಹಾಸ್ಯಕ್ಕೆ ನಾನೊಬ್ಬನೇ ನಕ್ಕೆ ಎಂಬುದು ಆಗಲೇ ತಿಳಿಯಬೇಕಿತ್ತು. ಗಂಗಾ ಗದ್ದ ತೆಗೆದು ಹೊರಟುಹೋದಳು.

ಮರುದಿನ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಸಣ್ಣ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದು ಗಂಗಾಳ ಕೆಲಸ. ಅವಳು ಹಾಸಿಗೆಯ ಮೇಲೆ ಕೂತಿದ್ದಳು. ಅವಳವ್ವ ಕೂಗಿದರೆ, "ಸರಕಾರದ ಮಕ್ಕಳನ್ನ ಕಳಸು. ನಾ ಲೆಕ್ಕಕ್ಕಿಲ್ಲ," ಎಂದಳು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಕಚೇರಿಯ ನಿಯಮ ಓದಿ ಹೇಳಿದ ಹಾಗೆ ಹೇಳಿದಳು. ಶಾಲೆಗೆ ಹೊರಡುವಾಗ, ಲೆಕ್ಕಕ್ಕಿಲ್ಲದವರು ಲೆಕ್ಕ ಕಲಿಯಬೇಕಾಗಿಲ್ಲ ಎಂದು ಗಣಿತದ ಪುಸ್ತಕ ಮನೆಯಲ್ಲಿಯೇ ಬಿಟ್ಟು ಹೋದಳು. ಸಂಜೆ ನೋಡಿದರೆ ಶೇಂಗಾ ಉಂಡೆಯ ಡಬ್ಬಿ ಅರ್ಧ ಖಾಲಿ.

"ಎಷ್ಟ ತಿಂದಿ ಗಂಗಾ?" ಎಂದು ಶಾಂತಾ ಕೇಳಿದಳು.

"ಒಂದೂ ಇಲ್ಲ."

"ಬಾಯಿ ತೆಗಿ ನೋಡೋಣ."

"ತಿಂದೀನಿ. ಆದರ ನಾ ತಿಂದದ್ದು ಲೆಕ್ಕಕ್ಕ ಬರೂದಿಲ್ಲವ್ವಾ."

ಅತ್ತ ಲೆಕ್ಕದಲ್ಲಿದ್ದವರ ಕಥೆ ಬೇರೆ. ಸರ್ಕಾರ ತನ್ನ ಹೆಸರಿನಲ್ಲಿ ಕೊಡುವುದು ತನ್ನ ಹಣವೇ ಎಂದು ಶಂಕರ ತೀರ್ಮಾನಿಸಿ ಕ್ರಿಕೆಟ್ ಬ್ಯಾಟು ಕೇಳಿದ. ಸರ್ಕಾರ ಕೊಡುವುದಲ್ಲ, ತೆಗೆದುಕೊಳ್ಳದೆ ಬಿಡುವುದು ಎಂದು ನಾನು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. "ಹಂಗಾರ ಆ ಬಿಟ್ಟ ರೊಕ್ಕ ಎಲ್ಲೈತಿ?" ಎಂದು ಕೇಳಿದ. ಆ ಪ್ರಶ್ನೆಯ ಮುಂದೆ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರೂ ತಡವರಿಸುತ್ತಾರೆ. ನಾನು ಹಡಗಿನ ಗುಮಾಸ್ತ. ಬಸುವಿಗೆ ಏನೂ ತಿಳಿಯದಿದ್ದರೂ ಅಣ್ಣ ಕೇಳಿದ ಮೇಲೆ ತಾನೂ ಕೇಳಬೇಕೆಂದು ಒಂದು ಆನೆ ಕೇಳಿದ. ಆಟದ ಆನೆಯಲ್ಲ, ನಿಜವಾದದ್ದು.

ಬಸು ಆನೆ ಕೇಳಿದ್ದೇ ಒಂದು ದಾರಿಯಾಯಿತು. ಭಾನುವಾರ ಮೂವರನ್ನೂ ಬೈಕುಲ್ಲಾದ ರಾಣಿ ಬಾಗಿಗೆ ಕರೆದುಕೊಂಡು ಹೋಗಿ ಪ್ರಾಣಿಗಳನ್ನು ತೋರಿಸಿಕೊಂಡು ಬಂದರೆ ಮನೆ ತಣ್ಣಗಾಗುತ್ತದೆ ಎಂದುಕೊಂಡೆ. ಶಾಂತಾ ತಾನು ಬರುವುದಿಲ್ಲ, ಒಂದು ದಿನವಾದರೂ ಮನೆಯಲ್ಲಿ ಕಾಲು ಚಾಚಿ ಮಲಗುತ್ತೇನೆ ಎಂದಳು. ಹೊರಡುವಾಗ ಮಾತ್ರ, "ಒಯ್ದಷ್ಟನ್ನೂ ವಾಪಸ್ ತರ್ರಿ," ಎಂದಳು. ಕೊಡೆ ಮರೆತು ಬರುವ ಗಂಡನಿಗೆ ಎಲ್ಲ ಹೆಂಡಂದಿರೂ ಹೇಳುವ ಮಾತೆಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಬೈಕುಲ್ಲಾ ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ ಕಲೆಕ್ಟರ್ ನನ್ನ ಕೈಯಿಂದ ಟಿಕೆಟ್ಟುಗಳನ್ನು ತೆಗೆದುಕೊಂಡು, ಮಕ್ಕಳ ಕಡೆ ನೋಡಿ, ಮತ್ತೆ ಟಿಕೆಟ್ ನೋಡಿ, "ಬಚ್ಚೇ ತೀನ್, ಹಾಫ್ ಟಿಕೆಟ್ ದೋ?" ಎಂದ. ನಾನೂ ನೋಡಿದೆ. ನಿಜವಾಗಿಯೂ ಎರಡೇ ಇದ್ದವು. ಹದಿನೈದು ದಿನ ಫಾರ್ಮು, ಚೀಟಿ, ಎರಡು ಮಕ್ಕಳು, ಎರಡು ಮಕ್ಕಳು ಎಂದು ಜಪ ಮಾಡಿದ ನನ್ನ ಬಾಯಿ, ಮುಲುಂಡಿನ ಕಿಟಕಿಯಲ್ಲಿ ನನ್ನನ್ನು ಕೇಳದೆಯೇ ಎರಡು ಹಾಫ್ ಎಂದುಬಿಟ್ಟಿತ್ತು. ನಾನು ಮರೆವಿನ ಬಗ್ಗೆ ವಿವರಣೆ ಕೊಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಗಂಗಾ ಮುಂದೆ ಬಂದಳು. ಸಿನಿಮಾ ಹಾಡಿನಷ್ಟು ಸ್ಪಷ್ಟವಾದ ಹಿಂದಿಯಲ್ಲಿ, "ಮೈ ಗಿನತೀ ಮೇ ನಹೀ ಹೂಂ. ಸರಕಾರ್ ನೇ ನಹೀ ಲಿಯಾ," ಎಂದಳು. ನಾನು ಎಣಿಕೆಯಲ್ಲಿಲ್ಲ, ಸರ್ಕಾರ ನನ್ನನ್ನು ಸೇರಿಸಿಕೊಂಡಿಲ್ಲ. ಕಲೆಕ್ಟರ್ ತನ್ನ ನೌಕರಿಯಲ್ಲಿ ಅನೇಕ ನೆಪಗಳನ್ನು ಕೇಳಿರಬೇಕು. ಇದನ್ನು ಕೇಳಿ ಕ್ಷಣ ಹೊತ್ತು ಟೋಪಿ ತೆಗೆದು ತಲೆ ಕೆರೆದುಕೊಂಡ. ನಂತರ ಟೋಪಿ ಹಾಕಿಕೊಂಡು ದಂಡ ಬರೆದ. ಹಿಂದೆ ನಿಂತ ಜನ ನನ್ನನ್ನು ನೋಡಿದ ನೋಟದಲ್ಲಿ, ಸ್ವಂತ ಮಗಳಿಗೆ ಟಿಕೆಟ್ ತೆಗೆಸದೆ ಸುಳ್ಳು ಕಲಿಸಿಕೊಂಡು ಬಂದ ತಂದೆಯ ಚಿತ್ರ ನನಗೆ ಚೆನ್ನಾಗಿ ಕಾಣಿಸಿತು.

ಹೊರಗೆ ಬಂದು ಗಂಗಾಳನ್ನು ಗದರಿದೆ. ಅವಳು, "ನಾ ಸುಳ್ಳ ಹೇಳಿದ್ನೇನು?" ಎಂದು ಕೇಳಿದಳು. ಸುಳ್ಳೇನೂ ಹೇಳಿರಲಿಲ್ಲ. ಅದಕ್ಕೇ ಇನ್ನಷ್ಟು ಗದರಿದೆ.

ರಾಣಿ ಬಾಗಿನಲ್ಲಿ ಮಂಗಗಳನ್ನು ನೋಡಿದೆವು, ನೀರುಕುದುರೆ ನೋಡಿದೆವು, ಹುಲಿ ಮಲಗಿತ್ತು. ಬಸು ಆನೆಯ ಮುಂದೆ ಕೂತು ಇದನ್ನೇ ಮನೆಗೆ ಒಯ್ಯೋಣ ಎಂದು ಹಟ ಹಿಡಿದ. ಚಾಳಿನ ಮೆಟ್ಟಿಲು ಸಣ್ಣದು ಎಂದು ನಾನು, ಕೆಳಗೆ ಕಟ್ಟೋಣ ಎಂದು ಅವನು. ಈ ಚರ್ಚೆಯಲ್ಲಿ ಹೊತ್ತು ಹೋಗಿ, ಕೊನೆಗೆ ಅವನನ್ನು ಹೆಗಲ ಮೇಲೆ ಹೊತ್ತು ಗೇಟಿನ ಕಡೆ ಬಂದೆ. ಗೇಟಿನಲ್ಲಿ ಭಾನುವಾರದ ನೂಕುನುಗ್ಗಲು. ಜವಾಬ್ದಾರಿಯುಳ್ಳ ತಂದೆಯಾದ ನಾನು ನಿಂತು ಗಟ್ಟಿಯಾಗಿ ಎಣಿಸಿದೆ. ಒಂದು, ಎರಡು. ಸರಿಯಾಗಿದೆ ಎಂದು ಹೊರಗೆ ನಡೆದೆ. ಸ್ಟೇಷನ್ನಿನ ಕಿಟಕಿಯಲ್ಲಿ ಈ ಸಲ ಮೋಸ ಹೋಗಬಾರದೆಂದು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. "ಒಂದು ಫುಲ್, ಮೂರು ಹಾಫ್," ಎಂದು ಗಟ್ಟಿಯಾಗಿ ಕೇಳಿ, ಟಿಕೆಟ್ಟುಗಳನ್ನು ಶಂಕರನ ಮುಂದೆ ಎಣಿಸಿ ತೋರಿಸಿದೆ.

ಶಂಕರ ಟಿಕೆಟ್ ನೋಡಿದ, ಸುತ್ತಲೂ ನೋಡಿದ. "ಅಪ್ಪಾ, ಗಂಗಿ ಎಲ್ಲಿ?" ಎಂದ.

ಹೋಗುವಾಗ ಮಕ್ಕಳು ಮೂವರಿದ್ದರು, ಟಿಕೆಟ್ಟು ಎರಡು. ಈಗ ಟಿಕೆಟ್ಟು ಮೂರಿದ್ದವು.

ಆಮೇಲೆ ಆದದ್ದನ್ನು ನಾನು ಹಾಸ್ಯವಾಗಿ ಹೇಳಲಾರೆ. ಬಸುವನ್ನು ಕಂಕುಳಲ್ಲಿ ಇರುಕಿಕೊಂಡು, ಶಂಕರನ ರಟ್ಟೆ ಹಿಡಿದುಕೊಂಡು ಓಡಿದೆ. ನನ್ನ ಧೋತರದ ಕಚ್ಚೆ ಬಿಚ್ಚಿತ್ತು. ಹಣ್ಣಿನ ಗಾಡಿಗಳಿಗೆ, ಟ್ರಾಮಿಗೆ ಕಾಯುತ್ತ ನಿಂತವರಿಗೆ ಡಿಕ್ಕಿ ಹೊಡೆದೆ. ಮುಂಬಯಿಯಲ್ಲಿ ಕೊಡೆ ಕಳೆದರೆ ಸಿಗುವುದಿಲ್ಲ, ಮಗು ಎಲ್ಲಿ ಸಿಗಬೇಕು? ಅವಳ ಫ್ರಾಕಿನ ಬಣ್ಣ ಯಾವುದೆಂದು ಜ್ಞಾಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಪೊಲೀಸರು ಕೇಳಿದರೆ ಏನು ಹೇಳಲಿ? ಹುಟ್ಟಿದ ತಾರೀಖು ಗೊತ್ತಿಲ್ಲ, ಫ್ರಾಕಿನ ಬಣ್ಣ ಗೊತ್ತಿಲ್ಲ, ಆಕಳು ಈದ ದಿನ ಹುಟ್ಟಿದವಳು ಎನ್ನಲೇ?

ಗಂಗಾ ರಾಣಿ ಬಾಗಿನ ಗೇಟಿನ ಪಕ್ಕದಲ್ಲಿಯೇ ಇದ್ದಳು. ಮುದುಕ ಕಾವಲುಗಾರನೊಬ್ಬ ತನ್ನ ಸ್ಟೂಲು ಅವಳಿಗೆ ಬಿಟ್ಟುಕೊಟ್ಟು ತಾನು ನಿಂತಿದ್ದ. ಅವಳು ಕಡಲೆ ತಿನ್ನುತ್ತಿದ್ದಳು. ಫ್ರಾಕು ಹಳದಿಯದು.

ನಾನು ಹತ್ತಿರ ಹೋಗುತ್ತಲೇ ಕಾವಲುಗಾರ ಕೈ ಅಡ್ಡ ಹಿಡಿದ. ಕಚ್ಚೆ ಬಿಚ್ಚಿದ ಮನುಷ್ಯನಿಗೆ ಹುಡುಗಿಯನ್ನು ಸುಮ್ಮನೆ ಒಪ್ಪಿಸುವಷ್ಟು ಬೇಜವಾಬ್ದಾರಿ ಅವನದಲ್ಲ. ಅವಳ ಕಡೆ ಬಗ್ಗಿ, "ಹಾ ತುಝಾ ಬಾಪ್ ಕಾ?" ಎಂದು ಕೇಳಿದ. ಇವನು ನಿನ್ನಪ್ಪನೇನು?

ಗಂಗಾ ನನ್ನನ್ನು ತುಸು ಹೊತ್ತು ನೋಡಿದಳು. ಇನ್ನೂ ಎರಡು ಕಡಲೆ ಬಾಯಿಗೆ ಹಾಕಿಕೊಂಡಳು. "ಹೋ," ಎಂದಳು. ಹೌದು. "ಪಣ ಮೀ ತ್ಯಾಂಚ್ಯಾ ಹಿಶೇಬಾತ್ ನಾಹೀ." ಆದರೆ ನಾನು ಅವರ ಲೆಕ್ಕದಲ್ಲಿಲ್ಲ.

ಮುದುಕ ನನ್ನ ಕಡೆ ತಿರುಗಿ ಮಕ್ಕಳೆಷ್ಟು ಎಂದು ಕೇಳಿದ. "ತೀನ್," ಎಂದೆ. ಗಂಗಾ, "ಕನ್ನಡದಾಗ ಹೇಳು," ಎಂದಳು. "ಮೂರು," ಎಂದೆ. "ಇನ್ನೊಮ್ಮೆ." "ಮೂರು." ಆಗ ಸ್ಟೂಲಿನಿಂದ ಇಳಿದಳು.

"ಎಲ್ಲಿ ಹೋಗಿದ್ದಿ?" ಎಂದು ಕೇಳಿದೆ.

"ಎಲ್ಲೂ ಹೋಗಿಲ್ಲ. ನೀ ಎಣಸೂದು ನೋಡೂಣು ಅಂತ ಕಂಬದ ಹಿಂದ ನಿಂತಿದ್ದೆ. ನೀ ಒಂದು, ಎರಡು ಅಂದಿ. ಹೊಂಟಿ." ಹದಿನೈದು ದಿನದಲ್ಲಿ ಮೊದಲನೆಯ ಸಲ ಅತ್ತಳು. ಅವಳು ಅತ್ತದ್ದನ್ನು ನೋಡಿ ಬಸು ಅತ್ತ. ನಾನು ಧೋತರ ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗಿದೆ. ಶಂಕರನೊಬ್ಬ, ಮೂರು ಟಿಕೆಟ್ಟನ್ನೂ ಗಟ್ಟಿಯಾಗಿ ಹಿಡಿದುಕೊಂಡು, ಮನೆಯ ಹಿರಿಯನ ಹಾಗೆ ನಿಂತಿದ್ದ.

ಸೋಮವಾರ ಕಚೇರಿಗೆ ಹೋದವನೇ ಲೆಕ್ಕಪತ್ರ ವಿಭಾಗದ ಪ್ರಭುಗಳ ಮೇಜಿನ ಮುಂದೆ ನಿಂತೆ. ಅವರು ಮಂಗಳೂರಿನ ಕಡೆಯವರು. ಹೆಸರೂ ಪ್ರಭು, ನಮ್ಮ ಸಂಬಳದ ಮಟ್ಟಿಗೆ ಪದವಿಯೂ ಪ್ರಭುವಿನದೇ. ಫಾರ್ಮು ವಾಪಸ್ಸು ಬೇಕು, ಮಗಳ ಹೆಸರು ಸೇರಿಸಬೇಕು, ಆಧಾರ ಮಾತ್ರ ಇಲ್ಲ ಎಂದೆ.

"ಮಗಳು ಶಾಲೆಗೆ ಹೋಗ್ತಾಳಾ?"

"ಹೋಗ್ತಾಳೆ."

"ಮತ್ತೆಂತ ಪಾಟೀಲರೇ? ಶಾಲೆಯ ಚೀಟಿ ಸಾಕು. ಅದರಲ್ಲಿ ತಾರೀಖು ಉಂಟಲ್ಲ."

ನನಗೆ ಆಗ ನೆನಪಾಯಿತು. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ತಾರೀಖು ಕೇಳಿದಾಗ, ಸಾಲಿನಲ್ಲಿ ನನ್ನ ಮುಂದಿದ್ದ ಮೂವರು ತಂದೆಯರೂ ಜೂನ್ ಒಂದು ಎಂದಿದ್ದರು. ನಾನೂ ಜೂನ್ ಒಂದು ಎಂದಿದ್ದೆ. ಆ ಶಾಲೆಯಲ್ಲಿ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು. ಸರ್ಕಾರಕ್ಕೆ ಆಕಳಿಗಿಂತ ಜೂನ್ ಒಂದರ ಮೇಲೆ ನಂಬಿಕೆ ಹೆಚ್ಚು ಎಂದು ತಿಳಿದು ಸಮಾಧಾನವಾಯಿತು. "ಹಾಗಾದರೆ ಮಗಳನ್ನು ಸೇರಿಸಿ ಇಬ್ಬರಲ್ಲಿ ಯಾರನ್ನು ತೆಗೆಯಲಿ?" ಎಂದು ಕೇಳಿದೆ. ಇದು ನನಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ. ರಾತ್ರಿಯೆಲ್ಲ ಹೊರಳಾಡಿದ್ದೆ.

ಪ್ರಭುಗಳು ಪೆನ್ಸಿಲ್ ತೆಗೆದು ನನ್ನ ಸಂಬಳ ಬರೆದರು, ವಿಮೆಯ ಕಂತು ಕಳೆದರು, ಇನ್ನೇನೋ ಗೆರೆ ಎಳೆದರು. "ನಿಮಗೆ ಇಬ್ಬರು ಬೇಡವೇ ಬೇಡ ಮಾರಾಯ್ರೆ," ಎಂದರು. "ಒಂದು ಮಗು ಬರೆದರೆ ನೀವು ಮಿತಿಯ ಕೆಳಗೆ ಬರ್ತೀರಿ. ಟ್ಯಾಕ್ಸ್ ಸೊನ್ನೆ. ಎರಡನೇ ಮಗು ವೇಸ್ಟು."

"ಸೊನ್ನೆ ಎಂದರೆ, ನಾನು ತೆರಿಗೆದಾರನಲ್ಲವೇ?"

"ಅಲ್ಲ. ಖುಷಿಪಡಿ."

ಖುಷಿಪಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ತೆರಿಗೆ ಬಿತ್ತೆಂದು ಪೇಢೆ ಹಂಚಿದ ಮನುಷ್ಯ ನಾನು. ಹೊಸ ಫಾರ್ಮಿನಲ್ಲಿ ಗಂಗಾಳ ಹೆಸರೊಂದನ್ನೇ ಬರೆದೆ, ಪೂರ್ತಿ ಹೆಸರು, ದೊಡ್ಡ ಅಕ್ಷರದಲ್ಲಿ. ಬರೆಯುತ್ತ ಬರೆಯುತ್ತ ಫಸ್ಟ್ ಕ್ಲಾಸಿನ ದಪ್ಪ ಮನುಷ್ಯರ ಸಾಲಿನಿಂದ ಮೆಲ್ಲಗೆ ಕೆಳಗಿಳಿದೆ. ಸಂಜೆ ಶೆಟ್ಟರಿಗೆ ವಿಷಯ ಹೇಳಿದಾಗ ಅವರು ನನ್ನ ಬೆನ್ನು ತಟ್ಟಿ, "ಬನ್ನಿ ಬನ್ನಿ, ನೀವೂ ನಮ್ಮ ಹಾಗೆಯೇ ಆದಿರಿ," ಎಂದು ಒಳಗೆ ಕರೆದು ಕಾಫಿ ಮಾಡಿಕೊಟ್ಟರು. ಅಷ್ಟು ಪ್ರೀತಿ ಅವರು ನನ್ನ ತೆರಿಗೆಯ ದಿನಗಳಲ್ಲಿ ತೋರಿಸಿರಲಿಲ್ಲ.

ಮನೆಯಲ್ಲಿ ಗಂಗಾ ಫಾರ್ಮಿನ ನಕಲನ್ನು ಮೂರು ಸಲ ಓದಿ, ಸಣ್ಣ ಕೊಡ ತೆಗೆದುಕೊಂಡು ತಾನಾಗಿಯೇ ನಲ್ಲಿಗೆ ಹೋದಳು. ನಾನು ಬಿರುಗಾಳಿ ದಾಟಿದೆವೆಂದು ಅಂಗಿ ಕಳಚುವಷ್ಟರಲ್ಲಿ ಶಂಕರ ಬಂದು, ಹಾಗಾದರೆ ತಾನೂ ಬಸುವೂ ಈಗ ಲೆಕ್ಕಕ್ಕಿಲ್ಲವೇ, ನಾಳೆಯಿಂದ ಶೇಂಗಾ ಉಂಡೆ ತಮಗೂ ಎಣಿಕೆಯಿಲ್ಲವೇ ಎಂದು ವಿಚಾರಿಸಿದ. ಶಾಂತಾ ಒಳಗೆ ಉಂಡೆಯ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಮುಚ್ಚಿದ ಸದ್ದು ಕೇಳಿಸಿತು. "ಕೇಳ್ರಿ ಎಲ್ಲಾರೂ," ಎಂದಳು. "ಸರಕಾರಕ್ಕ ಒಂದೈತೋ ಎರಡೈತೋ ನನಗ ಬೇಕಾಗಿಲ್ಲ. ನನಗ ಮೂರು. ನಿಮ್ಮಪ್ಪನ್ನ ಹಿಡದ್ರ ನಾಕು. ಇನ್ನ ಯಾರರೆ ಲೆಕ್ಕ ಅಂದ್ರ ನೋಡ್ರಿ." ನಾಲ್ಕನೆಯವನು ಎಲ್ಲರಿಗಿಂತ ಮೊದಲು ಕೈಕಾಲು ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತ.

ಮುಂದಿನ ವರ್ಷ ನನಗೆ ಬಡ್ತಿ ಸಿಕ್ಕಿತು. ಸಂಬಳ ಒಂದಿಷ್ಟು ಏರಿ, ಮತ್ತೆ ಮಿತಿಯ ಮೇಲಕ್ಕೆ ಬಂದೆ. ಈ ಸಲ ಪೇಢೆ ತರಲಿಲ್ಲ. ಮಕ್ಕಳ ಹಂಚಿಕೆಯನ್ನೂ ಹೆಂಡತಿಯ ಕೈಗೇ ಕೊಟ್ಟೆ. ಆಕೆ ನಲ್ಲಿನೀರಿನ ಪಾಳಿಯ ಹಾಗೆ ಈ ವರ್ಷ ಇವರಿಬ್ಬರು, ಬರುವ ವರ್ಷ ಅವರಿಬ್ಬರು ಎಂದು ಗೊತ್ತುಮಾಡಿ ಎಲ್ಲರನ್ನೂ ಒಪ್ಪಿಸಿದಳು. ಪ್ರಭುಗಳ ಹೊಸ ಫಾರ್ಮನ್ನು ತುಂಬುತ್ತ, ಈ ಸಲ ಯಾವ ತಂಟೆಯೂ ಇಲ್ಲವೆಂದು ಗುನುಗಿಕೊಳ್ಳುತ್ತ ಪುಟ ತಿರುಗಿಸಿದೆ. ಮದುವೆಯಾದವರಿಗೆ ಬೇರೆ ರಿಯಾಯಿತಿ ಇತ್ತು. ಅದಕ್ಕೆ ಪ್ರಭುಗಳು ಹೊಸದೊಂದು ಕಾಲಂ ಹಾಕಿದ್ದರು: ವಿವಾಹದ ತಾರೀಖು.

ಶಾಂತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಏನ, ನಮ್ಮ ಲಗ್ನ ಆಗಿದ್ದು ಯಾವ ತಾರೀಖು?" ಎಂದು ಕೂತಲ್ಲಿಂದಲೇ ಕೇಳಿದೆ.

ರೊಟ್ಟಿಯ ಸಪ್ಪಳ ನಿಂತಿತು.

"ಅದನ್ನ ನನ್ನ ಕೇಳ್ತೀರೇನು?"

"ಸರಕಾರದವರು ಕೇಳ್ಯಾರ."

"ನೀವು ಏನ್ ಬರದೀರಿ?"

ಏನೂ ಬರೆದಿರಲಿಲ್ಲ. "ಬ್ಯಾಸಿಗ್ಯಾಗ ಇತ್ತು," ಎಂದೆ. "ಭಾಳ ಸೆಕಿ ಇತ್ತು."

ಬರೆದರೆ ತೆರಿಗೆ ಎಷ್ಟು ಉಳಿಯುತ್ತದೆ ಎಂದು ಆಕೆ ಕೇಳಿದಳು. ಹೇಳಿದೆ.

"ಹಂಗಾರ ಬರಿಬ್ಯಾಡ್ರಿ," ಎಂದಳು. "ಮರತದ್ದಕ್ಕ ಅಷ್ಟೂ ಕಟ್ಟ್ರಿ."

ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಾನು ಪೆನ್ನಿನ ಟೋಪಿ ಹಾಕಿದೆ.

ಪ್ರಭುಗಳು ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೆಂತ ಪಾಟೀಲರೇ, ಈ ಕಾಲಂ ಖಾಲಿ ಉಂಟು. ಮಕ್ಕಳು ಮೂವರಿದ್ದಾರೆ, ಮದುವೆ ಆಗಲಿಲ್ವಾ?"

"ಆಗಿದೆ," ಎಂದೆ. "ಅದಕ್ಕೇ ಕಟ್ಟುತ್ತಿದ್ದೇನೆ."